ಕೆಟ್ಟ ಗಾಡಿಗೆ ಕೊಟ್ಟ ದುಡ್ಡು ವಾಪಸ್ ಬರುವ ದಾರಿ ಮಾಡಿಕೊಡಿ: ಇಬ್ಬರು ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಗ್ರಾಹಕರ ವ್ಯವಹಾರಗಳ ಸಚಿವರಿಗೆ ಮತ್ತು ಮಾನ್ಯ ಸಾರಿಗೆ ಸಚಿವರಿಗೆ,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು.

ನಮಸ್ಕಾರ.

ಹೊಸ ಗಾಡಿಯಲ್ಲಿ ದೋಷ ಇದ್ದರೆ ಕೊಟ್ಟ ದುಡ್ಡನ್ನು ವಾಪಸ್ ಕೇಳುವ ಹಕ್ಕು ನಮಗಿದೆ. ಕಾನೂನಿನಲ್ಲಿ ಬರೆದೇ ಇದೆ. ಆದರೆ ಆ ಹಕ್ಕನ್ನು ನಂಬಿಕೊಂಡು ಹೊರಟವರೆಲ್ಲ ಒಂದೇ ಜಾಗದಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ. ಗಾಡಿಯಲ್ಲೇ ದೋಷ ಇದೆ ಅಂತ ಹೇಳುವವರು ಯಾರು? ಈ ಪ್ರಶ್ನೆಗೆ ಪ್ರತಿ ಜಿಲ್ಲೆಯಲ್ಲೂ ಉತ್ತರ ಸಿಗುವಂತೆ ಮಾಡಿ ಅಂತ ಕೇಳುವುದಕ್ಕೆ ಈ ಪತ್ರ ಬರೆಯುತ್ತಿದ್ದೇನೆ. ಇದಕ್ಕೆ ಹೊಸ ಕಾನೂನು ಬೇಕಿಲ್ಲ. ಇರುವ ಕಾನೂನೇ ನಿಮಗೆ ಆ ಅಧಿಕಾರ ಕೊಟ್ಟಿದೆ.

ನಮ್ಮದು ಹಾಸನ ಜಿಲ್ಲೆ. ನನ್ನ ತಮ್ಮ ಸಾಲ ಮಾಡಿ ಒಂದು ಚಿಕ್ಕ ಗೂಡ್ಸ್ ಗಾಡಿ ತೆಗೆದುಕೊಂಡ. ಸುತ್ತಮುತ್ತಲಿನ ಹಳ್ಳಿಗಳಿಂದ ಆಲೂಗಡ್ಡೆ, ಶುಂಠಿ ತುಂಬಿಕೊಂಡು ಬಂದು ಮಾರ್ಕೆಟ್‌ಗೆ ಇಳಿಸುವುದು ಅವನ ಕೆಲಸ. ಗಾಡಿ ಅವನದೇ, ಡ್ರೈವರ್ರೂ ಅವನೇ. ಖಾಲಿ ಓಡಿಸಿದರೆ ಗಾಡಿ ಚೆನ್ನಾಗೇ ಹೋಗುತ್ತದೆ. ಲೋಡ್ ಹಾಕಿ ಏರು ಹತ್ತಿಸಿದರೆ ಇಂಜಿನ್ ಲೈಟ್ ಹತ್ತಿಕೊಳ್ಳುತ್ತದೆ, ಪಿಕಪ್ ಹೋಗಿಬಿಡುತ್ತದೆ. ಆಮೇಲೆ ಎಕ್ಸಲೇಟರ್ ಎಷ್ಟು ತುಳಿದರೂ ಅಷ್ಟೇ. ಹಿಂದೆ ಬಸ್ಸು, ಲಾರಿ ಹಾರ್ನ್ ಹೊಡೆಯುತ್ತಿರುತ್ತವೆ. ಇವನು ಗಾಡಿಯನ್ನು ಹೇಗೋ ಪಕ್ಕಕ್ಕೆ ತಂದು ನಿಲ್ಲಿಸಿ, ಆಫ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಸ್ಟಾರ್ಟ್ ಮಾಡಬೇಕು. ಗಾಡಿ ಮನೆಗೆ ಬಂದ ಮೊದಲ ತಿಂಗಳಿಂದಲೂ ಇದೇ ಕಥೆ.

ಡೀಲರ್ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಕೇಸು ನಡೆಯುತ್ತಿದೆ. ಮೇಲಾಗಿ ಇದು ಒಬ್ಬ ಡೀಲರ್‌ನ ವಿಷಯವೂ ಅಲ್ಲ.

ಸರ್ವಿಸ್ ಸೆಂಟರ್‌ನಲ್ಲಿ ಏನು ನಡೆಯುತ್ತದೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಯಾಕೆಂದರೆ ಮುಂದೆ ಕೇಸು ಗೆಲ್ಲುವುದೋ ಸೋಲುವುದೋ ಅನ್ನುವುದು ಅಲ್ಲೇ ತೀರ್ಮಾನವಾಗುತ್ತದೆ. ನನ್ನ ತಮ್ಮ ಗಾಡಿ ಬಿಟ್ಟು, "ಲೋಡ್ ಹಾಕಿದ್ರೆ ಏರಲ್ಲಿ ನಿಂತುಹೋಗುತ್ತೆ ಸಾರ್" ಅಂತ ಹೇಳುತ್ತಾನೆ. ಸರ್ವಿಸ್ ಅಡ್ವೈಸರ್ ತಲೆಯಾಡಿಸಿ, ಗಾಡಿಯ ದೂರು ಬರೆದುಕೊಳ್ಳುವ ಜಾಬ್ ಕಾರ್ಡ್‌ನಲ್ಲಿ 'ಜನರಲ್ ಚೆಕಪ್' ಅಂತ ಬರೆಯುತ್ತಾರೆ. ಸ್ಕ್ಯಾನರ್ ಹಾಕಿ, ಎರರ್ ಕೋಡ್ ಅಳಿಸಿ, ಖಾಲಿ ಗಾಡಿಯನ್ನು ರಿಂಗ್ ರೋಡಿನಲ್ಲಿ ಒಂದು ಸುತ್ತು ಹೊಡೆಸುತ್ತಾರೆ. ಖಾಲಿ ಗಾಡಿಗೆ ಯಾವತ್ತೂ ತೊಂದರೆ ಇರಲಿಲ್ಲವಲ್ಲ! ಒಂದು ಸಲ ಸಾಫ್ಟ್‌ವೇರ್ ಅಪ್ಡೇಟ್ ಅಂದರು. ಇನ್ನೊಂದು ಸಲ ಇಂಜೆಕ್ಟರ್ ಕ್ಲೀನ್ ಮಾಡಿದೆವು ಅಂದರು. ಆಮೇಲೆ ಒಂದು ಸೆನ್ಸರ್ ಬದಲಾಯಿಸಿದರು. ಕೊನೆಗೆ, "ಡೀಸೆಲ್ ಎಲ್ಲಿ ಹಾಕಿಸ್ತೀರಿ?" ಅಂತ ತಪ್ಪನ್ನು ಅವನ ತಲೆಗೇ ಕಟ್ಟಿದರು.

ಗಾಡಿ ಬಿಡಿಸಿಕೊಳ್ಳುವಾಗ ಗೇಟ್ ಪಾಸ್ ಬೇಕು. ಗೇಟ್ ಪಾಸ್ ಬೇಕಾದರೆ ಒಂದು ಕಾಗದಕ್ಕೆ ಸಹಿ ಹಾಕಬೇಕು. 'ಕೆಲಸ ತೃಪ್ತಿಕರವಾಗಿದೆ' ಅಂತ ಅದರಲ್ಲಿ ಮೊದಲೇ ಪ್ರಿಂಟ್ ಆಗಿರುತ್ತದೆ, ಅದೂ ಇಂಗ್ಲಿಷಿನಲ್ಲಿ. ಮಾರನೇ ದಿನ ಬೆಳಗ್ಗೆ ಬಾಡಿಗೆ ಒಪ್ಪಿಕೊಂಡಿರುವವನು ಸಹಿ ಹಾಕದೆ ಏನು ಮಾಡುತ್ತಾನೆ? ಈಗ ಅದೇ ಸಹಿಗಳನ್ನು ಡೀಲರ್ ಕಡೆಯವರು ನಮ್ಮ ದೂರು ನಡೆಯುತ್ತಿರುವ ಗ್ರಾಹಕ ಆಯೋಗದ ಮುಂದೆ ಇಟ್ಟಿದ್ದಾರೆ. ಪ್ರತಿ ಸಲವೂ ಗ್ರಾಹಕ ತೃಪ್ತಿಯಾಗಿಯೇ ಹೋಗಿದ್ದಾನೆ, ದೋಷ ಇದೆ ಅಂತ ಎಲ್ಲೂ ದಾಖಲೆ ಇಲ್ಲ ಅನ್ನುವುದು ಅವರ ವಾದ.

ಕಾನೂನು ನಮ್ಮ ಕಡೆ ಗಟ್ಟಿಯಾಗಿಯೇ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈ 20ರಿಂದ ಜಾರಿಯಲ್ಲಿದೆ. ದೋಷ ಇರುವ ಮಾಲನ್ನು ವಾಪಸ್ ತೆಗೆದುಕೊಂಡು ದುಡ್ಡು ಹಿಂದಿರುಗಿಸಲು ಒಪ್ಪದಿದ್ದರೆ ಅದನ್ನು ಅನುಚಿತ ವ್ಯಾಪಾರ ಪದ್ಧತಿ ಅಂತಲೇ ಆ ಕಾಯ್ದೆ ಕರೆಯುತ್ತದೆ. ಬಿಲ್‌ನಲ್ಲಿ ಅವಧಿ ಹೇಳಿದ್ದರೆ ಅಷ್ಟರೊಳಗೆ, ಏನೂ ಹೇಳಿರದಿದ್ದರೆ 30 ದಿನದೊಳಗೆ ದುಡ್ಡು ಕೊಡಬೇಕು. 'ಒಮ್ಮೆ ಮಾರಿದ ಮೇಲೆ ವಾಪಸ್ ಇಲ್ಲ' ಅಂತ ಬಿಲ್ಲಿನ ಕೆಳಗೆ ಅಚ್ಚು ಹಾಕಿಸಿಕೊಂಡ ಮಾತ್ರಕ್ಕೆ ಕೆಟ್ಟ ಮಾಲು ಮಾರಿದವರು ತಪ್ಪಿಸಿಕೊಳ್ಳಲು ಆಗುವುದಿಲ್ಲ. ದೋಷ ಸಾಬೀತಾದರೆ ಜಿಲ್ಲಾ ಆಯೋಗ ರಿಪೇರಿ ಮಾಡಿಸಿಕೊಡಿ ಅನ್ನಬಹುದು, ಬೇರೆ ಗಾಡಿ ಕೊಡಿ ಅನ್ನಬಹುದು, ಬಡ್ಡಿ ಸಮೇತ ದುಡ್ಡು ವಾಪಸ್ ಕೊಡಿ ಅಂತಲೂ ಆದೇಶ ಮಾಡಬಹುದು. ಅದರ ಮೇಲೆ ಪರಿಹಾರ ಬೇರೆ. ಆದೇಶ ಪಾಲಿಸದಿದ್ದರೆ ಜೈಲು ಶಿಕ್ಷೆಗೂ ಅವಕಾಶ ಇದೆ.

ಇಷ್ಟೆಲ್ಲ ಇದ್ದರೂ 'ದೋಷ ಸಾಬೀತಾದರೆ' ಅನ್ನುವ ಷರತ್ತಿನ ಹತ್ತಿರ ಎಲ್ಲವೂ ನಿಂತುಬಿಡುತ್ತದೆ. ಮಿಕ್ಸಿ ಕೆಟ್ಟಿದ್ದರೆ ಆಯೋಗದ ಮೇಜಿನ ಮೇಲೆ ಇಟ್ಟು ಸ್ವಿಚ್ ಹಾಕಿ ತೋರಿಸಬಹುದು. ಗಾಡಿಯನ್ನು ಹಾಗೆ ತೋರಿಸಲು ಆಗುತ್ತದೆಯೇ? ಪರೀಕ್ಷೆ ಮಾಡದೆ ದೋಷ ಗೊತ್ತಾಗದ ಮಾಲನ್ನು 'ಸೂಕ್ತ ಪ್ರಯೋಗಾಲಯ'ಕ್ಕೆ ಕಳಿಸಬೇಕು ಅಂತ 38ನೇ ಕಲಂ ಹೇಳುತ್ತದೆ. 45 ದಿನದೊಳಗೆ ವರದಿ ಬರಬೇಕು, ಬೇಕಾದರೆ ಆಯೋಗ ಇನ್ನಷ್ಟು ಸಮಯ ಕೊಡಬಹುದು. ಪರೀಕ್ಷೆಯ ಶುಲ್ಕವನ್ನು ದೂರುದಾರನೇ ಕಟ್ಟಬೇಕು. ಸರಿ, ಕಟ್ಟೋಣ. ಆದರೆ ಆ ಪ್ರಯೋಗಾಲಯ ಎಲ್ಲಿದೆ?

ಗುರುತಿನ ಗ್ಯಾರೇಜಿನವರನ್ನು ಕೇಳಿದೆವು. ಗಾಡಿ ನೋಡಿ, ದೋಷ ಇದೆ ಅಂತ ಬಾಯಲ್ಲಿ ಹೇಳಿದರು. ಬರೆದುಕೊಡಿ ಅಂದರೆ, "ಅಕ್ಕ, ನಾಳೆ ನನಗೆ ಅವರ ಹತ್ರಾನೇ ಸ್ಪೇರ್ ಬೇಕು" ಅಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಅದೇ ಕಂಪನಿಯ ಬೇರೆ ಊರಿನ ಸರ್ವಿಸ್ ಸೆಂಟರ್‌ನವರು ಗಾಡಿಯನ್ನು ಒಳಗೆ ತೆಗೆದುಕೊಳ್ಳುವುದಕ್ಕೇ ಒಪ್ಪಲಿಲ್ಲ. ಒಂದು ಇಂಜಿನಿಯರಿಂಗ್ ಕಾಲೇಜಿನ ಮೇಷ್ಟ್ರು ಅನುಕಂಪದಿಂದಲೇ ಮಾತಾಡಿದರು. "ಪರೀಕ್ಷೆ ಮಾಡಬಹುದಮ್ಮ, ಆದರೆ ನಮಗೆ ಮಾನ್ಯತೆ ಇಲ್ಲ. ನಾಳೆ ಅವರ ವಕೀಲರು ನಿಮಗೇನು ಅಧಿಕಾರ ಅಂತ ಕೇಳಿದರೆ ಏನು ಹೇಳೋದು?" ಅಂದರು. ಅವರ ಮಾತು ನಿಜ.

ಈ ಒಂದು ವರದಿ ಇದ್ದರೆ ಏನಾಗುತ್ತದೆ, ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದು ಸುಪ್ರೀಂ ಕೋರ್ಟಿನ ತೀರ್ಪುಗಳಲ್ಲೇ ಕಾಣುತ್ತದೆ. 2006ರಲ್ಲಿ ಮಾರುತಿ ಕಾರಿನ ಒಂದು ಪ್ರಕರಣದಲ್ಲಿ, ವಾರಂಟಿ ಇರುವುದು ಕೆಟ್ಟ ಭಾಗವನ್ನು ಬದಲಾಯಿಸಿಕೊಡುವುದಕ್ಕೆ, ಇಡೀ ಕಾರನ್ನು ಬದಲಾಯಿಸಿ ಅನ್ನಲಾಗದು ಅಂತ ಕೋರ್ಟ್ ಹೇಳಿತು. ಡೀಲರ್‌ಗಳ ವಕೀಲರು ಇವತ್ತಿಗೂ ಮೊದಲು ಮುಂದಿಡುವುದು ಇದನ್ನೇ. ಆದರೆ 2010ರಲ್ಲಿ ಫಿಯಟ್ ಕಾರಿನ ಪ್ರಕರಣ ಬಂದಾಗ ಅದೇ ಕೋರ್ಟ್ ಸ್ವತಂತ್ರ ತಜ್ಞರಿಂದ ಗಾಡಿಯನ್ನು ಪರೀಕ್ಷೆ ಮಾಡಿಸಲು ಹೇಳಿತು. ತಯಾರಿಕೆಯಲ್ಲೇ ದೋಷ ಇದೆ ಅಂತ ಆ ತಜ್ಞರು ಹೇಳಿದರೆ ಕಾರಿನ ಬೆಲೆ, ಲೈಫ್ ಟ್ಯಾಕ್ಸ್, ಇಎಂಐ ಎಲ್ಲವನ್ನೂ ವರ್ಷಕ್ಕೆ ಶೇಕಡಾ 12ರ ಬಡ್ಡಿಯೊಂದಿಗೆ ವಾಪಸ್ ಕೊಡಬೇಕು ಅಂತ ಆದೇಶ ಮಾಡಿತು. ಬೆಲೆ ಮಾತ್ರ ಅಲ್ಲ, ತೆರಿಗೆ, ಕಂತು ಕೂಡ. ಅಷ್ಟೂ ಆ ತಜ್ಞರ ಒಂದು ಅಭಿಪ್ರಾಯದ ಮೇಲೆ ನಿಂತಿತ್ತು. ದೆಹಲಿಯವರೆಗೆ ಹೋದವರಿಗೆ ತಜ್ಞರು ಸಿಗುತ್ತಾರೆ. ಹೊಳೆನರಸೀಪುರದವರಿಗೆ, ಸಿಂಧನೂರಿನವರಿಗೆ, ಔರಾದಿನವರಿಗೆ ಯಾರು ಸಿಗುತ್ತಾರೆ?

2022ರಲ್ಲಿ ಇನ್ನೊಂದು ಒಳ್ಳೆಯ ತೀರ್ಪು ಬಂತು. ಅಪಘಾತದಲ್ಲಿ ಏರ್‌ಬ್ಯಾಗ್ ತೆರೆದುಕೊಳ್ಳದ ಹ್ಯುಂಡೈ ಕ್ರೆಟಾ ಕಾರಿನ ಪ್ರಕರಣ ಅದು. ಡಿಕ್ಕಿಯ ವೇಗ, ಬಲದ ಲೆಕ್ಕ ಹಾಕುವ ಪರಿಣತಿಯನ್ನು ಗ್ರಾಹಕನಿಂದ ನಿರೀಕ್ಷೆ ಮಾಡುವ ಹಾಗಿಲ್ಲ ಅಂತ ಕೋರ್ಟ್ ಹೇಳಿತು. ಗ್ರಾಹಕರಿಗೆ ಇದರಿಂದ ಬಲ ಬಂದಿದೆ. ಆದರೆ ಏರ್‌ಬ್ಯಾಗ್ ತೆರೆದುಕೊಳ್ಳಲಿಲ್ಲ ಅನ್ನುವುದು ಕಣ್ಣಿಗೆ ಕಾಣುತ್ತದೆ. ಲೋಡ್ ಹಾಕಿದಾಗ ಮಾತ್ರ ಪಿಕಪ್ ಹೋಗುವ ಇಂಜಿನ್ನಿನ ದೋಷ ಹಾಗೆ ಕಾಣುವುದಿಲ್ಲ.

ಈಗ ನನ್ನ ಮುಖ್ಯ ಬೇಡಿಕೆಗೆ ಬರುತ್ತೇನೆ. ರಾಜ್ಯ ಸರ್ಕಾರ ಮಾನ್ಯ ಮಾಡಿದ ಸಂಸ್ಥೆಯೂ 'ಸೂಕ್ತ ಪ್ರಯೋಗಾಲಯ'ವೇ ಅಂತ ಕಾಯ್ದೆಯ 2ನೇ ಕಲಮಿನಲ್ಲೇ ಇದೆ. ಕೇಂದ್ರದ ಮಾರ್ಗಸೂಚಿಗೆ ಹೊಂದಬೇಕು, ಅಷ್ಟೇ. ಹಾಗಿದ್ದರೆ ತಡ ಯಾಕೆ? ನಮ್ಮಲ್ಲಿ ಸರ್ಕಾರಿ ಇಂಜಿನಿಯರಿಂಗ್ ಕಾಲೇಜುಗಳಿವೆ, ಪಾಲಿಟೆಕ್ನಿಕ್‌ಗಳಿವೆ. ಕೆಎಸ್‌ಆರ್‌ಟಿಸಿಯ ಪ್ರಾದೇಶಿಕ ಕಾರ್ಯಾಗಾರ ನಮ್ಮ ಹಾಸನದಲ್ಲೇ ಇದೆ. ಡೀಸೆಲ್ ಇಂಜಿನ್ ಬಿಚ್ಚಿ ಜೋಡಿಸುವುದರಲ್ಲೇ ಜೀವನ ಕಳೆದ ಮೆಕ್ಯಾನಿಕ್‌ಗಳು ಅಲ್ಲಿದ್ದಾರೆ. ಇನ್ನು ಸಾರಿಗೆ ಇಲಾಖೆಯಲ್ಲಿ ಮೋಟಾರು ವಾಹನ ನಿರೀಕ್ಷಕರಿದ್ದಾರೆ. ಅಪಘಾತ ಆದಾಗ ಪೊಲೀಸರು ಕರೆಸುವುದು ಅವರನ್ನೇ. ಬ್ರೇಕ್ ಸರಿ ಇತ್ತೇ, ಸ್ಟೇರಿಂಗ್ ಸರಿ ಇತ್ತೇ, ಮೆಕ್ಯಾನಿಕಲ್ ದೋಷದಿಂದ ಆಯಿತೇ ಅಂತ ಅವರು ಕೊಡುವ ಐಎಂವಿ ರಿಪೋರ್ಟನ್ನು (ವಾಹನ ತಪಾಸಣೆಯ ವರದಿಯನ್ನು) ಕ್ರಿಮಿನಲ್ ಕೋರ್ಟೂ ನೋಡುತ್ತದೆ. ಸತ್ತವರ ಕೇಸಿನಲ್ಲಿ ನಂಬುವ ವರದಿಯನ್ನು ಬದುಕಿರುವ ಗ್ರಾಹಕನ ಕೇಸಿಗೂ ಬರೆಸಿಕೊಡಲು ಏನು ಅಡ್ಡಿ? ಇವರನ್ನೆಲ್ಲ ಸೇರಿಸಿ ಜಿಲ್ಲೆಗೊಂದು ಪರೀಕ್ಷಾ ಕೇಂದ್ರಕ್ಕೆ ಮಾನ್ಯತೆ ಕೊಡಿ. ಶುಲ್ಕ ನಿಗದಿ ಮಾಡಿ. ಲೋಡ್ ಗಾಡಿಯನ್ನು ಲೋಡ್ ಹಾಕಿಯೇ, ಏರು ಹತ್ತಿಸಿಯೇ ನೋಡಬೇಕು ಅಂತ ಪರೀಕ್ಷೆಯ ಕ್ರಮವನ್ನೂ ಬರೆಯಿರಿ. ಎರಡೂ ಕಡೆಯವರು ಎದುರಿಗೆ ಇರಲಿ. ಡೀಲರ್ ಹೇಳಿದ್ದೇ ಸರಿ ಅಂತ ವರದಿ ಬಂದರೆ ಅದನ್ನೂ ಒಪ್ಪಿಕೊಳ್ಳೋಣ. ನನಗೆ ಬೇಕಾಗಿರುವುದು ಸತ್ಯ ಹೇಳುವ ಒಂದು ಕಾಗದ.

ಎರಡನೆಯದು ಜಾಬ್ ಕಾರ್ಡ್. ಗ್ರಾಹಕ ಹೇಳಿದ ದೂರನ್ನು ಅವನ ಮಾತಿನಲ್ಲೇ, ಕನ್ನಡದಲ್ಲಿ ಹೇಳಿದರೆ ಕನ್ನಡದಲ್ಲೇ ಬರೆಯಬೇಕು. ಗಾಡಿ ಬಿಟ್ಟ ಕೂಡಲೇ ಅದರ ಪ್ರತಿ ಕೈಗೆ ಕೊಡಬೇಕು. ಸ್ಕ್ಯಾನರ್‌ನಲ್ಲಿ ಬಂದ ಎರರ್ ಕೋಡನ್ನು ಅಳಿಸುವ ಮುಂಚೆ ಪ್ರಿಂಟ್ ತೆಗೆದುಕೊಡಬೇಕು. ಗೇಟ್ ಪಾಸಿಗೂ ತೃಪ್ತಿಯ ಸಹಿಗೂ ಗಂಟು ಹಾಕಬಾರದು. ಇದೆಲ್ಲ ತುಂಬಾ ಚಿಕ್ಕ ವಿಷಯ ಅನ್ನಿಸಬಹುದು. ಆದರೆ ಆ ಮೊದಲ ಜಾಬ್ ಕಾರ್ಡ್‌ನಲ್ಲಿ 'ಜನರಲ್ ಚೆಕಪ್' ಬದಲು 'ಲೋಡ್ ಇದ್ದಾಗ ಏರಿನಲ್ಲಿ ನಿಲ್ಲುತ್ತದೆ' ಅಂತ ಇದ್ದಿದ್ದರೆ ನಮ್ಮ ಕೇಸು ಇವತ್ತು ಬೇರೆಯೇ ಹಂತದಲ್ಲಿ ಇರುತ್ತಿತ್ತು.

ವಾಪಸ್ ಬರುವ ದುಡ್ಡು ಎಷ್ಟು ಅನ್ನುವುದೂ ದೊಡ್ಡ ತಕರಾರು. ಗ್ರಾಹಕನ ಕೈಯಿಂದ ಹೋಗುವುದು ಆನ್-ರೋಡ್ ಬೆಲೆ. ಡೀಲರ್ ವಾಪಸ್ ಕೊಡುವ ಮಾತು ಬಂದಾಗ ಮಾತ್ರ ಎಕ್ಸ್-ಶೋರೂಂ ಬೆಲೆ. ನಡುವೆ ಇರುವ ಲೈಫ್ ಟ್ಯಾಕ್ಸ್, ಇನ್ಶೂರೆನ್ಸ್, ರಿಜಿಸ್ಟ್ರೇಷನ್, ಸಾಲದ ಬಡ್ಡಿ ಯಾರ ಲೆಕ್ಕ? ಕರ್ನಾಟಕದ ಲೈಫ್ ಟ್ಯಾಕ್ಸ್ ದೇಶದಲ್ಲೇ ಜಾಸ್ತಿ ಇರುವವುಗಳಲ್ಲಿ ಒಂದು. ಪೆಟ್ರೋಲ್, ಡೀಸೆಲ್ ಕಾರುಗಳಿಗೆ ಬೆಲೆಯ ಮೇಲೆ ಶೇಕಡಾ 13ರಿಂದ 18ರವರೆಗೆ ಇದೆ, ಮೇಲೆ ಸೆಸ್ ಬೇರೆ. 10 ಲಕ್ಷ ದಾಟಿದ ಕಾರಿಗೆ ಒಂದೂವರೆ ಲಕ್ಷಕ್ಕೂ ಹೆಚ್ಚು ಸರ್ಕಾರಕ್ಕೇ ಹೋಗುತ್ತದೆ. ಆಯೋಗದ ಆದೇಶದಂತೆ ಗಾಡಿ ಡೀಲರ್‌ಗೆ ವಾಪಸ್ ಹೋದರೆ, ಈ ತೆರಿಗೆಯನ್ನು ಇಂಥಿಷ್ಟು ದಿನದಲ್ಲಿ ಹಿಂದಿರುಗಿಸುತ್ತೇವೆ ಅಂತ ಸಾರಿಗೆ ಇಲಾಖೆ ಒಂದು ಸ್ಪಷ್ಟ ಸುತ್ತೋಲೆ ಹೊರಡಿಸಲಿ. ಜೀವನಪೂರ್ತಿ ರಸ್ತೆಯಲ್ಲಿ ಓಡುತ್ತದೆ ಅಂತ ಕಟ್ಟಿಸಿಕೊಂಡ ತೆರಿಗೆ ಅದು. ಓಡದ ಗಾಡಿಯ ತೆರಿಗೆಯನ್ನು ಇಟ್ಟುಕೊಳ್ಳುವುದು ನ್ಯಾಯ ಅಲ್ಲ.

ಇನ್ನೊಂದು ಮಾತು, ಹಳದಿ ಬೋರ್ಡ್ ಗಾಡಿಯವರ ಬಗ್ಗೆ. ತಮ್ಮನ ಕೇಸಿನಲ್ಲಿ ಎದುರಾಳಿಗಳು ಎತ್ತಿದ ಮೊದಲ ಆಕ್ಷೇಪಣೆಯೇ, ಇದು ವಾಣಿಜ್ಯ ಉದ್ದೇಶದ ಗಾಡಿ, ಇವನು ಗ್ರಾಹಕನೇ ಅಲ್ಲ ಅಂತ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಮಾತ್ರ ಕೊಂಡ ಮಾಲು ವಾಣಿಜ್ಯ ಉದ್ದೇಶದ್ದಲ್ಲ ಅಂತ ಕಾಯ್ದೆಯಲ್ಲೇ ವಿವರಣೆ ಇದೆ. ಆಟೋ ಕೊಂಡು ತಾನೇ ಓಡಿಸಿ ಬದುಕುವವನು ಗ್ರಾಹಕನೇ ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಉದಾಹರಣೆ ಸಮೇತ ಹೇಳಿದೆ. ಆದರೂ ಪ್ರತಿ ಕೇಸಿನಲ್ಲೂ ಇದೇ ಆಕ್ಷೇಪಣೆ, ಅದಕ್ಕೇ ಒಂದಷ್ಟು ವಾಯಿದೆ. ಗಾಡಿ ನಿಂತರೆ ಅವತ್ತಿನ ಸಂಪಾದನೆಯೂ ನಿಲ್ಲುವವನಿಗೆ ಈ ವಾಯಿದೆಗಳು ಎಷ್ಟು ಭಾರ ಅಂತ ನಿಮಗೆ ನಾನು ಹೇಳಬೇಕಿಲ್ಲ. ಬಿಡಿಭಾಗ ಬಂದಿಲ್ಲ ಅಂತ ಗಾಡಿ ವಾರಗಟ್ಟಲೆ ವರ್ಕ್‌ಶಾಪಿನಲ್ಲಿ ಇದ್ದರೂ ಫೈನಾನ್ಸ್‌ನವರ ಕಂತು ನಿಲ್ಲುವುದಿಲ್ಲ.

ಡೀಲರ್ ಕೇಳಿದರೆ ಕಂಪನಿ ಅನ್ನುತ್ತಾರೆ, ಕಂಪನಿ ಕೇಳಿದರೆ ಡೀಲರ್ ಅನ್ನುತ್ತಾರೆ. ಇದು ಬರೀ ನೆಪ ಅಲ್ಲ, ಕಾನೂನಿನಲ್ಲೂ ಇಬ್ಬರ ಹೊಣೆ ಬೇರೆ ಬೇರೆ ಆಗಬಹುದು. 2009ರಲ್ಲಿ ತಯಾರಾದ ಕಾರನ್ನು 2011ರಲ್ಲಿ ಹೊಸದು ಅಂತ ಮಾರಿದ ಗೋವಾದ ಒಂದು ಪ್ರಕರಣದಲ್ಲಿ, ತಪ್ಪು ಡೀಲರ್‌ನದು, ಅದರ ಅರಿವಿದ್ದದ್ದಕ್ಕೆ ಸಾಕ್ಷಿ ಇಲ್ಲದೆ ಕಂಪನಿಯನ್ನು ಹೊಣೆ ಮಾಡಲಾಗದು ಅಂತ ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿತು. ಅದಕ್ಕೇ ದೂರು ಕೊಡುವವರು ಇಬ್ಬರನ್ನೂ ಎದುರುದಾರರನ್ನಾಗಿ ಮಾಡಬೇಕು. ಸಾರಿಗೆ ಸಚಿವರ ಹತ್ತಿರ ನನ್ನ ಕೋರಿಕೆ ಇಷ್ಟು: ಇನ್ನೂ ರಿಜಿಸ್ಟರ್ ಆಗದ ಗಾಡಿಗಳನ್ನು ಇಟ್ಟುಕೊಳ್ಳಲು ಡೀಲರ್‌ಗಳಿಗೆ ಬೇಕಾದ ಟ್ರೇಡ್ ಸರ್ಟಿಫಿಕೇಟ್ ಕೊಡುವುದು ನಿಮ್ಮ ಇಲಾಖೆ. ಆಯೋಗದ ಅಂತಿಮ ಆದೇಶ ಪಾಲಿಸದ ಡೀಲರ್‌ಗೆ ಅದನ್ನು ನವೀಕರಿಸಬೇಡಿ. ಈಗಿನ ಕೇಂದ್ರ ನಿಯಮದಲ್ಲಿ ಅದಕ್ಕೆ ಜಾಗ ಸಾಲದಿದ್ದರೆ ತಿದ್ದುಪಡಿ ಮಾಡಿ ಅಂತ ದೆಹಲಿಗೆ ಬರೆಯಿರಿ.

ಈ ಪತ್ರ ಓದುತ್ತಿರುವ ಉಳಿದವರಿಗೂ ಕೆಲವು ಮಾತು ಹೇಳಬೇಕು. ಇವತ್ತೇ ಯಾರಿಗಾದರೂ ಬೇಕಾಗಬಹುದು. ಹೊಸ ಗಾಡಿ ಪದೇ ಪದೇ ಕೈಕೊಡುತ್ತಿದ್ದರೆ ಬಾಯಿ ಮಾತಿನಲ್ಲಿ ಜಗಳ ಆಡಿ ಸುಮ್ನೆ ಬರಬೇಡಿ. ದೂರನ್ನು ಡೀಲರ್‌ಗೂ ಕಂಪನಿಗೂ ಇಮೇಲ್‌ನಲ್ಲಿ ಬರೆಯಿರಿ. ಗಾಡಿ ಬಿಡುವಾಗ ಜಾಬ್ ಕಾರ್ಡಿನ ಫೋಟೋ ತೆಗೆಯಿರಿ. ತೊಂದರೆ ಕೊಟ್ಟ ಜಾಗದಲ್ಲೇ ಡ್ಯಾಶ್‌ಬೋರ್ಡ್ ಸಮೇತ ವಿಡಿಯೋ ಮಾಡಿ, ಆದರೆ ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿದ ಮೇಲೆ. ತೃಪ್ತಿಯ ಕಾಗದಕ್ಕೆ ಸಹಿ ಹಾಕಲೇಬೇಕಾದರೆ ಮೇಲೆ 'ತೊಂದರೆ ಹಾಗೇ ಇದೆ' ಅಂತ ಕನ್ನಡದಲ್ಲಿ ಬರೆದು ಹಾಕಿ. ಹೊರಗಿನ ಗ್ಯಾರೇಜಿನಲ್ಲಿ ಬಿಚ್ಚಿಸಬೇಡಿ, ವಾರಂಟಿ ಹೋಯಿತು ಅನ್ನುತ್ತಾರೆ. ಸಿಟ್ಟಿನಲ್ಲಿ ಇಎಂಐ ನಿಲ್ಲಿಸಬೇಡಿ. ಸಾಲ ಕೊಟ್ಟವರಿಗೆ ದೋಷದ ವಿಷಯ ಬೇಕಾಗಿಲ್ಲ, ಗಾಡಿ ಎಳೆದುಕೊಂಡು ಹೋಗುತ್ತಾರೆ.

1915 ನಂಬರಿಗೆ ಫೋನ್ ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಸಿಗುತ್ತದೆ. ಕೆಲವು ತಕರಾರು ಅಲ್ಲೇ ಬಗೆಹರಿಯುತ್ತವೆ. ಇಲ್ಲದಿದ್ದರೆ ಜಿಲ್ಲಾ ಆಯೋಗ. ಕೊಟ್ಟ ಬೆಲೆ 50 ಲಕ್ಷದವರೆಗೆ ಇದ್ದರೆ ಅಲ್ಲಿಗೇ ಹೋಗಬಹುದು. ಗಾಡಿಯನ್ನು ಬೆಂಗಳೂರಿನಲ್ಲಿ ಕೊಂಡಿದ್ದರೂ ನೀವು ವಾಸ ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು. 5 ಲಕ್ಷದವರೆಗೆ ಶುಲ್ಕವೇ ಇಲ್ಲ, 10 ಲಕ್ಷದವರೆಗೆ 200 ರೂಪಾಯಿ, 20 ಲಕ್ಷದವರೆಗೆ 400. ವಕೀಲರು ಇರಲೇಬೇಕು ಅಂತಿಲ್ಲ. ಎರಡು ವರ್ಷದ ಗಡುವು ಮಾತ್ರ ನೆನಪಿರಲಿ. 'ಇನ್ನೊಂದು ಸಲ ನೋಡೋಣ ಸಾರ್' ಅನ್ನುವ ಮಾತಿನಲ್ಲೇ ಆ ಎರಡು ವರ್ಷ ಕಳೆದುಹೋಗುತ್ತದೆ.

ಮಾನ್ಯ ಸಚಿವರೇ, ಪರೀಕ್ಷೆ ಬೇಕಾದ ದೂರುಗಳನ್ನು 5 ತಿಂಗಳಲ್ಲಿ ಮುಗಿಸಲು ಪ್ರಯತ್ನಿಸಬೇಕು ಅಂತ ಕಾಯ್ದೆ ಆಯೋಗಗಳಿಗೆ ಹೇಳಿದೆ. ಪರೀಕ್ಷೆ ಮಾಡುವವರೇ ಇಲ್ಲದಿದ್ದರೆ ಆಯೋಗದವರಾದರೂ ಏನು ಮಾಡುತ್ತಾರೆ? ಜಿಲ್ಲೆಗಳಲ್ಲಿ ವಾಹನ ಪರೀಕ್ಷೆಗೆ ಈಗ ಯಾವ್ಯಾವ ಸಂಸ್ಥೆಗೆ ಮಾನ್ಯತೆ ಇದೆ, ಎಷ್ಟು ಶುಲ್ಕ, ಯಾರನ್ನು ಸಂಪರ್ಕಿಸಬೇಕು ಅನ್ನುವ ಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸಿ. ಯಾವ ಜಿಲ್ಲೆಯ ಎದುರು ಹೆಸರಿಲ್ಲವೋ ಅಲ್ಲಿ ಯಾವಾಗ ಆಗುತ್ತದೆ ಅಂತ ದಿನಾಂಕ ಹಾಕಿ. ಹಾಸನದ ಸಾಲಿನಲ್ಲಿ ಒಂದು ಹೆಸರು ಬಂದ ದಿನ, ನಮ್ಮ ಗಾಡಿಯನ್ನು ಅಲ್ಲಿಗೆ ಕಳಿಸಿ ಅಂತ ಆಯೋಗಕ್ಕೆ ಅರ್ಜಿ ಹಾಕುತ್ತೇವೆ. ಅರ್ಜಿ ಬರೆದು ಇಟ್ಟುಕೊಂಡಿದ್ದೇವೆ, ಪ್ರಯೋಗಾಲಯದ ಹೆಸರಿನ ಜಾಗ ಮಾತ್ರ ಖಾಲಿ ಇದೆ.

ಇಂತಿ,
ಹಾಸನ ಜಿಲ್ಲೆಯ ಒಬ್ಬ ಗ್ರಾಹಕಿ